ನಿಮಗೆ ಬೆಳಕಾಯಿತು, ನಮಗೆ ಕತ್ತಲಾಯಿತು

ಕಳೆದ ದೀಪಾವಳಿಗೆ ಎರಡು ವಾರ ಮೊದಲು ನನ್ನ ಕಾರಿನ ಹೆಡ್‌ಲೈಟಿನ ಬಲ್ಬುಗಳನ್ನು ಬದಲಾಯಿಸಿದೆ. ಒಂಬತ್ತು ವರ್ಷ ಹಳೆಯದಾದ ಸಣ್ಣ ಕಾರು ಅದು. ಪುಣೆಯೊಳಗೆ ಓಡಾಡುವಾಗ ಅದರ ದೀಪಗಳ ಬಗ್ಗೆ ನಾನು ಯೋಚಿಸಿದವನೇ ಅಲ್ಲ. ಬೀದಿದೀಪಗಳಿರುವ ಊರಿನಲ್ಲಿ ಹೆಡ್‌ಲೈಟು ನಮಗೆ ದಾರಿ ತೋರಿಸುವುದಕ್ಕಿಂತ ಹೆಚ್ಚಾಗಿ ನಮ್ಮ ಇರವನ್ನು ಬೇರೆಯವರಿಗೆ ತಿಳಿಸುತ್ತದೆ, ಅಷ್ಟೆ. ಆದರೆ ವರ್ಷಕ್ಕೆ ಮೂರು ನಾಲ್ಕು ಬಾರಿ, ಕಚೇರಿ ಮುಗಿಸಿಕೊಂಡು ಸಂಜೆ ಹೊರಟು, ಸಾತಾರಾ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿಗಳನ್ನು ದಾಟಿ, ಕಿತ್ತೂರಿನ ಬಳಿ ಹೆದ್ದಾರಿ ಬಿಟ್ಟು ಬೈಲಹೊಂಗಲದ ಕಡೆಗಿರುವ ನನ್ನ ಊರಿಗೆ ಹೋಗುವಾಗ, ಆ ಹಳದಿ ಬೆಳಕು ಸಾಲದು ಎಂದು ಪ್ರತಿ ಬಾರಿಯೂ ಅನ್ನಿಸುತ್ತಿತ್ತು. ನನಗೀಗ ನಲವತ್ತೇಳು. ಕಣ್ಣು ಮೊದಲಿನಂತಿಲ್ಲ. ಎದುರಿನಿಂದ ಬರುವ ಹೊಸ ಕಾರುಗಳ ಬಿಳಿ ಬೆಳಕಿನ ಮುಂದೆ ನನ್ನ ದೀಪಗಳು ಹಣತೆಯಂತೆ ಕಾಣುತ್ತಿದ್ದವು.

ಅಂಗಡಿಯವನು ಎಲ್‌ಇಡಿ ಬಲ್ಬಿನ ಜೋಡಿಯೊಂದನ್ನು ಮುಂದಿಟ್ಟು, ರಾತ್ರಿ ಹೋಗಿ ಹಗಲಾಗುತ್ತದೆ ಸಾಹೇಬ ಎಂದು ಮರಾಠಿಯಲ್ಲಿ ಭರವಸೆ ಕೊಟ್ಟ. ಹಳೆಯ ಬಲ್ಬು ಕಳಚಿ ಹೊಸದನ್ನು ಅದೇ ಜಾಗದಲ್ಲಿ ಕೂರಿಸಲು ಅವನಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಆ ರಾತ್ರಿ ಮನೆಗೆ ಬರುವಾಗ ರಸ್ತೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಇಷ್ಟು ವರ್ಷ ಸುಮ್ಮನೆ ಕಷ್ಟಪಟ್ಟೆನಲ್ಲ ಎಂದುಕೊಂಡೆ.

ದೀಪಾವಳಿಗೆ ಊರಿಗೆ ಹೊರಟ ರಾತ್ರಿ, ಹೆದ್ದಾರಿ ಬಿಟ್ಟು ಊರಿನ ರಸ್ತೆ ಹಿಡಿದಾಗ ಹನ್ನೊಂದು ಗಂಟೆ ದಾಟಿತ್ತು. ನಡುವೆ ವಿಭಜಕವಿಲ್ಲದ, ಎರಡು ವಾಹನಗಳು ಮೈ ತಾಗಿಸದೆ ಹಾಯಬಹುದಾದಷ್ಟೇ ಅಗಲದ ರಸ್ತೆ. ಎರಡೂ ಬದಿಗೆ ಎರೆಹೊಲ. ಎದುರಿನಿಂದ ಒಂದು ಬೈಕು ಬಂತು. ದೂರದಿಂದಲೇ ನೋಡಿ ನಾನು ಬೆಳಕು ತಗ್ಗಿಸಿದ್ದೆ. ಆ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಹೆಮ್ಮೆ. ಆದರೂ ಬೈಕು ಹತ್ತಿರ ಬರುತ್ತಿದ್ದಂತೆ ತೊನೆದಾಡಿತು, ಡಾಂಬರಿನ ಅಂಚು ದಾಟಿತು, ಇಳಿಜಾರಿನಲ್ಲಿ ಜಾರಿ ಮಗುಚಿತು.

ಕಾರು ನಿಲ್ಲಿಸಿ ಓಡಿದೆ. ಅರವತ್ತು ದಾಟಿದ ಹಿರಿಯರು. ಹಿಂದೆ ಕೂತಿದ್ದವನು ಹತ್ತು ವರ್ಷದ ಮೊಮ್ಮಗ. ದೇವರ ದಯೆ, ಮಣ್ಣು ಮೆತ್ತಗಿತ್ತು. ಹುಡುಗನ ಮೊಣಕಾಲು ತರಚಿತ್ತು, ಅಜ್ಜನ ಅಂಗೈ ಕಿತ್ತಿತ್ತು. ಬೈಕನ್ನು ಇಬ್ಬರೂ ಸೇರಿ ಎತ್ತಿ ನಿಲ್ಲಿಸಿದೆವು. 

"ಅಪ್ಪರ್ ಹಾಕ್ಕೊಂಡ ಹಂಗ ಬರೂದೇನ್ರಿ?" ಎಂದರು ಅವರು. 

"ಇಲ್ಲರೀ ಕಾಕಾ, ಡಿಪ್ಪರ್‌ನ್ಯಾಗ ಐತಿ, ಬೇಕಾದ್ರ ಬಂದು ನೋಡ್ರಿ" ಎಂದೆ. ಹೈ ಬೀಮ್ ಹಾಕಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ನೀಲಿ ಗುರುತು ಉರಿಯಬೇಕು. ಅದು ಉರಿಯುತ್ತಿರಲಿಲ್ಲ. ಅವರು ಬಗ್ಗಿ ನೋಡಿದರು, ನನ್ನ ಮಾತು ನಿಜವೆಂದು ಒಪ್ಪಿಕೊಂಡರು. ಆಮೇಲೆ ಶಾಂತವಾಗಿಯೇ ಹೇಳಿದರು: 

"ಅಪ್ಪರ್ ಇರ್ಲಿ, ಡಿಪ್ಪರ್ ಇರ್ಲಿ ಸಾಹೇಬ್ರ. ನಿಮಗ ಬೆಳಕಾತು, ನಮಗ ಕತ್ತಲಾತು." 

ಬೆಳಕು ತಗ್ಗಿಸಿದ್ದರೂ ಅದು ಯಾಕೆ ಕಣ್ಣು ಕುಕ್ಕಿತು? ಮನೆ ತಲುಪಿ ಮಲಗಿದ ಮೇಲೂ ಈ ಪ್ರಶ್ನೆ ಬಿಡಲಿಲ್ಲ. ತಪ್ಪು ಮಾಡಿ ತಪ್ಪಿತಸ್ಥನಾಗುವುದು ಒಂದು ಬಗೆ. ಶಿಷ್ಟಾಚಾರವನ್ನು ಪಾಲಿಸಿಯೂ ತಪ್ಪಿತಸ್ಥನಾಗುವುದು ಇನ್ನೊಂದು ಬಗೆ. ಅದಕ್ಕೆ ವಿವರಣೆ ಬೇಕಾಗುತ್ತದೆ. ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ, ಹೊಟ್ಟೆಪಾಡು ಕೇಂದ್ರ ಸರ್ಕಾರದ ಕಡತಗಳದು. ಬಲ್ಬಿನ ವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೂ ಪುಣೆಗೆ ಮರಳಿದ ಮೇಲೆ ಕುಳಿತು ಕಲಿತೆ. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಹಬ್ಬಕ್ಕೆಂದು ರಾತ್ರಿಯೆಲ್ಲ ಕಾರು ಓಡಿಸಿ ಊರು ಸೇರುವ ಹೊರನಾಡ ಕನ್ನಡಿಗರು ನಮ್ಮಲ್ಲಿ ಬಹಳ ಮಂದಿ.

ನನ್ನ ಕಾರಿನಂಥ ಸಣ್ಣ ಕಾರುಗಳಲ್ಲಿ ಇರುವುದು ಎಚ್4 ಎಂಬ ಹ್ಯಾಲೊಜನ್ ಬಲ್ಬು. ಒಂದೇ ಗಾಜಿನೊಳಗೆ ಎರಡು ಟಂಗ್‌ಸ್ಟನ್ ತಂತುಗಳು: ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಹೈ ಬೀಮ್ ತಂತು ಹಿಂದಿನ ಕನ್ನಡಿಯಂಥ ಪ್ರತಿಫಲಕದ ನಾಭಿಯಲ್ಲಿ ಕೂತಿರುತ್ತದೆ, ಹಾಗಾಗಿ ಅದರ ಬೆಳಕು ನೇರವಾಗಿ ದೂರಕ್ಕೆ ಹೋಗುತ್ತದೆ. ಲೋ ಬೀಮ್ ತಂತು ನಾಭಿಗಿಂತ ತುಸು ಮುಂದಿರುತ್ತದೆ. ಅದರ ಕೆಳಗೆ ಒಂದು ಪುಟ್ಟ ಲೋಹದ ದೊನ್ನೆ. ಈ ದೊನ್ನೆಯಿಂದಾಗಿ ಬೆಳಕು ಪ್ರತಿಫಲಕದ ಕೆಳಭಾಗಕ್ಕೆ ಬೀಳುವುದೇ ಇಲ್ಲ. ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ದೊನ್ನೆಯ ಒಂದು ಅಂಚನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ಬೆಳಕು ಎಡಕ್ಕೆ ಸ್ವಲ್ಪ ಮೇಲೇರಿ ರಸ್ತೆಯಂಚಿನ ಪಾದಚಾರಿಯನ್ನು ತೋರಿಸುವುದು, ಬಲಕ್ಕೆ ತಗ್ಗಿ ಎದುರಿನವರ ಕಣ್ಣನ್ನು ಉಳಿಸುವುದು ಆ ಅಂಚಿನಿಂದಲೇ. ಅಕ್ಕಿಕಾಳಿನಷ್ಟು ತಂತು, ಉಗುರಿನಷ್ಟು ದೊನ್ನೆ, ಇವುಗಳ ಸ್ಥಾನ ಒಂದೆರಡು ಮಿಲಿಮೀಟರು ಪಲ್ಲಟವಾದರೂ ಲೆಕ್ಕ ತಪ್ಪುತ್ತದೆ.

ಈಗ ಎಲ್‌ಇಡಿಯ ಸಂಗತಿ. ತಂತು ತನ್ನ ಸುತ್ತಲೂ ಬೆಳಕು ಚೆಲ್ಲುತ್ತದೆ. ಎಲ್‌ಇಡಿ ಚಿಪ್ಪು ತನ್ನ ಮುಖ ಇರುವ ಕಡೆಗೆ ಮಾತ್ರ ಬೆಳಕು ಬೀರುತ್ತದೆ. ಹ್ಯಾಲೊಜನ್ ಜಾಗದಲ್ಲಿ ಕೂರಿಸಲೆಂದು ಮಾರುವ ಬಲ್ಬುಗಳಲ್ಲಿ ಚಪ್ಪಟೆ ಲೋಹದ ಪಟ್ಟಿಯ ಎರಡು ಬದಿಗೆ ಚಿಪ್ಪುಗಳನ್ನು ಅಂಟಿಸಿರುತ್ತಾರೆ. ತಂತು ಇದ್ದ ಜಾಗದಲ್ಲಿ ಈಗ ಪಟ್ಟಿಯ ದಪ್ಪವಿದೆ. ಬೆಳಕು ಹುಟ್ಟುವುದು ಅದರ ಆಚೆ ಈಚೆ. ದೊನ್ನೆಯನ್ನು ಹೋಲುವ ತಗಡೊಂದು ಇದ್ದರೂ ಅದು ಮೂಲದ ಅಳತೆಗೆ ಹೊಂದುವುದು ಅಪರೂಪ. ಪ್ರತಿಫಲಕ ಮಾತ್ರ ಹಳೆಯ ತಂತುವಿಗಾಗಿಯೇ ರೂಪುಗೊಂಡದ್ದು. ತಪ್ಪು ಜಾಗದಿಂದ ಬಂದ ಬೆಳಕನ್ನೂ ಅದು ನಿಷ್ಠೆಯಿಂದ ಪ್ರತಿಫಲಿಸುತ್ತದೆ, ತಪ್ಪು ಜಾಗಕ್ಕೆ.

ಎಲ್‌ಇಡಿಗಿಂತ ಮೊದಲು ಇದೇ ಆಟವನ್ನು ಎಚ್‌ಐಡಿ ಅಥವಾ ಝೆನಾನ್ ದೀಪಗಳೊಂದಿಗೆ ಆಡಲಾಗಿತ್ತು. 1991ರಲ್ಲಿ ಬಿಎಂಡಬ್ಲ್ಯೂ 7 ಸರಣಿಯ ಕಾರಿನಲ್ಲಿ ಮೊದಲು ಬಂದ ಈ ದೀಪದಲ್ಲಿ ತಂತುವೇ ಇಲ್ಲ. ಎರಡು ವಿದ್ಯುದಗ್ರಗಳ ನಡುವೆ ಅನಿಲದಲ್ಲಿ ವಿದ್ಯುತ್ತಿನ ಕಿಡಿ ಉರಿಯುತ್ತದೆ. 35 ವ್ಯಾಟಿನಲ್ಲಿಯೇ 55 ವ್ಯಾಟಿನ ಹ್ಯಾಲೊಜನ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು. ಅಷ್ಟು ತೀಕ್ಷ್ಣವಾದ್ದರಿಂದಲೇ ಯುರೋಪಿನ ನಿಯಮಗಳು ಅದಕ್ಕೆ ಷರತ್ತು ಹಾಕಿದವು: ಕಾರಿನ ಭಾರ ಬದಲಾದಂತೆ ದೀಪದ ಕೋನ ತಾನಾಗಿಯೇ ಸರಿಹೋಗಬೇಕು, ಗಾಜನ್ನು ತೊಳೆಯುವ ವ್ಯವಸ್ಥೆ ಇರಬೇಕು. ನಮ್ಮ ಪೇಟೆಗಳಲ್ಲಿ ಮಾತ್ರ ಬಲ್ಬು ಬಂತು, ಷರತ್ತು ಬರಲಿಲ್ಲ.

ಹಾಗಾದರೆ ಬೇರೆ ಬೇರೆ ಜಾತಿಯ ಬಲ್ಬುಗಳು ಒಂದೇ ಕಾರಿನಲ್ಲಿ ಕೂಡಿ ಬಾಳಲಾರವೆ? ಧಾರಾಳವಾಗಿ ಬಾಳುತ್ತವೆ. ಇಂದಿನ ಎಷ್ಟೋ ಕಾರುಗಳಲ್ಲಿ ಲೋ ಬೀಮ್ ಎಲ್‌ಇಡಿ, ಹೈ ಬೀಮ್ ಹ್ಯಾಲೊಜನ್, ಕೆಳಗಿನ ಮಂಜುದೀಪ ಹ್ಯಾಲೊಜನ್, ಹಗಲುದೀಪ ಎಲ್‌ಇಡಿ. ಆದರೆ ಅಲ್ಲಿ ಪ್ರತಿಯೊಂದಕ್ಕೂ ಅದರದೇ ಕೋಣೆ, ಅದರದೇ ಪ್ರತಿಫಲಕ ಅಥವಾ ಮಸೂರ ಇದೆ. ಲೋ ಬೀಮ್ ಹತ್ತಿರದ ರಸ್ತೆಯನ್ನು ಹಾಸಿಕೊಡುತ್ತದೆ, ಹೈ ಬೀಮ್ ಅದರ ಮೇಲಿಂದ ದೂರಕ್ಕೆ ಚಾಚುತ್ತದೆ, ಮಂಜುದೀಪ ನೆಲಕ್ಕೆ ಹತ್ತಿರದಲ್ಲಿ ಅಗಲವಾಗಿ ಹರಡುತ್ತದೆ. ಅದೊಂದು ವಠಾರದಂತೆ: ಮನೆಗಳು ಬೇರೆ, ಒಲೆಗಳು ಬೇರೆ, ಅಂಗಳ ಒಂದೇ. ಒಬ್ಬರ ಮನೆಯೊಳಗೆ ಇನ್ನೊಬ್ಬರು ನುಗ್ಗಿ ಸಂಸಾರ ಹೂಡಿದಾಗ ತೊಂದರೆ ಶುರುವಾಗುತ್ತದೆ. ನಾವು ಬಲ್ಬು ಬೇರೆ, ದೀಪ ಬೇರೆ ಎಂದು ತಿಳಿದಿದ್ದೇವೆ. ನಿಜದಲ್ಲಿ ಬಲ್ಬು, ಪ್ರತಿಫಲಕ, ಗಾಜು ಮೂರೂ ಸೇರಿಯೇ ದೀಪ.

ಓದಿದ್ದನ್ನು ಕಣ್ಣಾರೆ ನೋಡಬೇಕೆನಿಸಿತು. ಒಂದು ಭಾನುವಾರ ರಾತ್ರಿ ನಮ್ಮ ವಸತಿ ಸಂಕೀರ್ಣದ ಹಿಂಭಾಗದ ಗೋಡೆಯ ಎದುರು, ಸಮತಟ್ಟು ನೆಲದ ಮೇಲೆ ಕಾರು ನಿಲ್ಲಿಸಿದೆ. ಎಡದ ದೀಪಕ್ಕೆ ಹಳೆಯ ಹ್ಯಾಲೊಜನ್ ಬಲ್ಬನ್ನು ಮರಳಿ ಹಾಕಿದೆ; ಬಲದಲ್ಲಿ ಎಲ್‌ಇಡಿ ಹಾಗೆಯೇ ಇತ್ತು. ಒಂದನ್ನು ರಟ್ಟಿನಿಂದ ಮುಚ್ಚಿ ಇನ್ನೊಂದನ್ನು ನೋಡುತ್ತ ಹೋದೆ. ಹ್ಯಾಲೊಜನ್ ದೀಪ ಗೋಡೆಯ ಮೇಲೆ ಗೆರೆ ಎಳೆದಂತೆ ಬೆಳಕನ್ನೂ ಕತ್ತಲನ್ನೂ ಬೇರ್ಪಡಿಸಿತ್ತು: ಕೆಳಗೆ ಬೆಳಕು, ಮೇಲೆ ಕತ್ತಲು, ಎಡಕ್ಕೆ ಮಾತ್ರ ಗೆರೆ ಓರೆಯಾಗಿ ಮೇಲೇರಿತ್ತು. ಎಲ್‌ಇಡಿಯ ಕಡೆ ಗೆರೆಯೇ ಇರಲಿಲ್ಲ. ಬೆಳಕು ಗೋಡೆಯ ತುದಿಯವರೆಗೂ ಹಬ್ಬಿ, ಅದರಾಚೆಯ ಹುಣಸೆಮರದ ಕೊಂಬೆಗಳೂ ಬೆಳಗಿದ್ದವು. ನಡುನಡುವೆ ಪ್ರಖರವಾದ ಮಚ್ಚೆಗಳು, ಪಕ್ಕದಲ್ಲಿಯೇ ಮಬ್ಬು ಪಟ್ಟಿಗಳು.

ನಿಯಮಾವಳಿ ಓದುವುದು ನನ್ನ ವೃತ್ತಿಯ ಚಾಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತೆರೆದೆ. 106ನೆಯ ನಿಯಮ ಇದನ್ನೇ ಹೇಳುತ್ತದೆ: ದೀಪದಿಂದ 8 ಮೀಟರು ಮುಂದೆ, ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿಟ್ಟ ವ್ಯಕ್ತಿಗೆ ಕೋರೈಸದಂತೆ ಬೆಳಕು ಕೆಳಗೆ ಬಾಗಿರಬೇಕು. ಸರ್ಕಾರಿ ಭಾಷೆಯ ಒಣ ವಾಕ್ಯವೊಂದು ಅಷ್ಟು ಮಾನವೀಯವಾಗಿ ಕಂಡದ್ದು ನನಗೆ ಅದೇ ಮೊದಲು. ಆ ಅಂಕಿಗಳ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ. ಟೇಪು ಹಿಡಿದು 8 ಮೀಟರು ಅಳೆದು, ಆ ಮನುಷ್ಯನ ಜಾಗದಲ್ಲಿ ನಾನೇ ನಿಂತೆ. ಮಗಳು ಕಾರಿನೊಳಗೆ ಕೂತು ದೀಪ ಹಾಕಿದಳು. ಹ್ಯಾಲೊಜನ್ ದೀಪದ ಎದುರು ನಿಲ್ಲಬಹುದಾಗಿತ್ತು; ಕಾರಿನ ಆಕಾರ, ಒಳಗೆ ಕೂತ ಮಗಳ ನೆರಳು ಕಾಣುತ್ತಿತ್ತು. ಎಲ್‌ಇಡಿಯ ಎದುರು ಕಾರೂ ಇಲ್ಲ, ಮಗಳೂ ಇಲ್ಲ. ಮುಖ ತಿರುಗಿಸಿದ ಮೇಲೂ ಕಣ್ಣಿನೊಳಗೆ ಹಸಿರು ಮಚ್ಚೆಯೊಂದು ತೇಲುತ್ತಲೇ ಇತ್ತು.

ಆ ಹಿರಿಯರ ಸ್ಥಿತಿ ಆಗ ಅರ್ಥವಾಯಿತು. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತದೆ, ಒಳಬಂದ ಬೆಳಕು ಅಲ್ಲಿಯೇ ಚದುರುತ್ತದೆ. ಪೊರೆ ಬರುತ್ತಿರುವವರಿಗಂತೂ ಇನ್ನೂ ಹೆಚ್ಚು. ಕೋರೈಸಿದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಹೊತ್ತೂ ವಯಸ್ಸಿನೊಂದಿಗೆ ಬೆಳೆಯುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು ಮೂರು ಸೆಕೆಂಡು ಕಾಣದೇ ಹೋದರೆ 50 ಮೀಟರು ಕುರುಡಾಗಿ ಸಾಗಿದಂತೆ. ಅಷ್ಟರೊಳಗೆ ಡಾಂಬರು ಮುಗಿದಿರಬಹುದು, ಎತ್ತಿನಗಾಡಿ ಇರಬಹುದು, ನಡೆದು ಹೋಗುವವರಿರಬಹುದು.

ಇನ್ನೊಂದು ಸಂಗತಿಯೂ ಆಗ ನೆನಪಾಯಿತು. ಅದೇ ರಾತ್ರಿ ಸಂಕೇಶ್ವರದ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದನ್ನು ನಾನು ತೀರ ಹತ್ತಿರ ಬಂದ ಮೇಲೆ ನೋಡಿ ಬ್ರೇಕು ತುಳಿದಿದ್ದೆ. ಹಿಂದೆ ದೀಪವಿಲ್ಲದ ಆ ಟ್ರೇಲರನ್ನು ಬೈದು ಮುಂದೆ ಹೋಗಿದ್ದೆ. ತಪ್ಪು ಟ್ರೇಲರಿನದಷ್ಟೇ ಆಗಿರಲಿಲ್ಲ. ಕಾರಿನ ಮುಂದಿನ ಹತ್ತಿಪ್ಪತ್ತು ಮೀಟರು ಅತಿಯಾಗಿ ಬೆಳಗಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ. ಹತ್ತಿರದ್ದು ಚೆನ್ನಾಗಿ ಕಂಡಷ್ಟೂ ದೂರದ್ದು ಕಾಣದು. ರಸ್ತೆ ಬೆಳ್ಳಗಿದೆಯೆಂದು ನಾವು ಧೈರ್ಯವಾಗಿ ವೇಗ ಹೆಚ್ಚಿಸುತ್ತೇವೆ. ದೀಪದ ಬುಡ ಕತ್ತಲೆ ಎನ್ನುತ್ತಾರೆ ಹಿರಿಯರು. ಈ ದೀಪಕ್ಕೆ ಬುಡವೊಂದೇ ಬೆಳಕು.

ಇಲ್ಲಿ ಒಂದು ಆಕ್ಷೇಪವನ್ನು ನಾನು ಕೇಳಲೇಬೇಕು, ಏಕೆಂದರೆ ಅದು ನನ್ನದೇ ಆಕ್ಷೇಪವಾಗಿತ್ತು. ನಮ್ಮ ರಸ್ತೆಗಳಲ್ಲಿ ಗುಂಡಿಗಳಿವೆ, ಗುರುತಿಲ್ಲದ ಉಬ್ಬುಗಳಿವೆ, ದನಕರುಗಳಿವೆ, ಹಿಂದೀಪವಿಲ್ಲದ ಟ್ರೇಲರುಗಳಿವೆ. ಎದುರಿನವರೆಲ್ಲ ಕಣ್ಣು ಕುಕ್ಕುವ ದೀಪ ಹಾಕಿಕೊಂಡಿರುವಾಗ ನಾನೊಬ್ಬ ಸಜ್ಜನನಾಗಿ ಹಣತೆ ಹಿಡಿದುಕೊಂಡು ಹೋಗಲೇ? ಈ ಮಾತಿನಲ್ಲಿರುವ ಭಯ ನಿಜವಾದದ್ದು. ಆದರೆ ಅದರ ತರ್ಕ ಎಲ್ಲಿಗೆ ಮುಟ್ಟುತ್ತದೆ ನೋಡಿ. ಅವನ ಬೆಳಕಿನಿಂದ ನನಗೆ ಕಾಣದೆಂದು ನಾನು ಹೆಚ್ಚು ಬೆಳಕು ಹಾಕುತ್ತೇನೆ, ನನ್ನದರಿಂದ ಕಾಣದವನು ಇನ್ನೂ ಹೆಚ್ಚು ಹಾಕುತ್ತಾನೆ. ಈ ಪೈಪೋಟಿಯಲ್ಲಿ ದಿನದಿನಕ್ಕೂ ಬೆಳಕು ಏರುತ್ತದೆ, ಕಾಣುವುದು ಇಳಿಯುತ್ತದೆ. ಎಲ್ಲರಿಗಿಂತ ಮೊದಲು ಸೋಲುವವರು ಪೈಪೋಟಿಗೆ ಇಳಿಯಲಾಗದವರು: ಸೈಕಲ್ಲಿನವರು, ಹಳೆಯ ಬೈಕಿನವರು, ನಡೆಯುವವರು.

ಹ್ಯಾಲೊಜನ್ ಬೆಳಕು ಕಡಿಮೆಯಾಗಿದೆ ಎನ್ನಿಸುವುದಕ್ಕೆ ಎಷ್ಟೋ ಬಾರಿ ಬಲ್ಬು ಕಾರಣವಲ್ಲ. ನನ್ನ ಕಾರಿನ ದೀಪದ ಹೊರಕವಚ ಬಿಸಿಲಿಗೆ ಹಳದಿಗಟ್ಟಿ ಮಂಕಾಗಿತ್ತು. ಅದನ್ನು ಉಜ್ಜಿ ಹೊಳಪು ಮಾಡಿಸಿದೆ. ದೀಪದ ಕೋನ ತಪ್ಪಿತ್ತು. ಹತ್ತು ಮೀಟರು ದೂರದಲ್ಲಿ ಬೆಳಕಿನ ಗೆರೆ ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರು ತಗ್ಗಿರುವಂತೆ ಸರಿಪಡಿಸಿಕೊಟ್ಟರು. ಎರಡೂ ಬದಿಗೆ ಒಂದೇ ಬಗೆಯ ಹೊಸ ಹ್ಯಾಲೊಜನ್ ಬಲ್ಬು ಹಾಕಿಸಿದೆ. ಒಂದು ಹೊಸದು, ಒಂದು ಹಳೆಯದು ಎಂದರೆ ರಸ್ತೆಯ ಒಂದು ಬದಿ ಸದಾ ಮಬ್ಬು. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇರುತ್ತದೆ, ಬೆಳಕೂ ಏರುತ್ತದೆ. ಅದನ್ನು ತಗ್ಗಿಸಲೆಂದು ಸ್ಟೀರಿಂಗಿನ ಬಲಕ್ಕೆ ಇದ್ದ ಪುಟ್ಟ ಚಕ್ರವನ್ನು ಒಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ತಿರುಗಿಸಿರಲಿಲ್ಲ. ಹಬ್ಬಕ್ಕೆ ಹೋಗುವಾಗಲಂತೂ ಡಿಕ್ಕಿ ತುಂಬಿಯೇ ಇರುತ್ತದೆ. 90 ಅಥವಾ 100 ವ್ಯಾಟಿನ ಹ್ಯಾಲೊಜನ್ ಬಲ್ಬು ಹಾಕಿಸುವ ಉಪಾಯವೂ ಕೆಲವರದಿದೆ. ಅದರ ಶಾಖಕ್ಕೆ ಹೋಲ್ಡರು ಕರಗುತ್ತದೆ, ಪ್ರತಿಫಲಕದ ಹೊಳಪು ಸುಟ್ಟು ಹೋಗುತ್ತದೆ. ಎಲ್‌ಇಡಿಯೇ ಬೇಕೆಂದರೆ ಅದಕ್ಕಾಗಿಯೇ ರೂಪಿಸಿ, ಅನುಮೋದನೆ ಪಡೆದ ಇಡೀ ದೀಪವಿರುವ ಕಾರನ್ನು ಕೊಳ್ಳಬೇಕು. ಎಲ್‌ಇಡಿಯ ಮೇಲೆ ನನಗೆ ಹಗೆಯಿಲ್ಲ. ತನ್ನ ಮನೆಯಲ್ಲಿರುವ ಎಲ್‌ಇಡಿ ಒಳ್ಳೆಯ ನೆರೆಯವನೇ.

ಎಲ್ಲ ಹೊಣೆಯನ್ನೂ ಕೊಳ್ಳುವವನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಒಂದೇ ಮಾದರಿಯ ಕಾರಿನಲ್ಲಿ ದುಬಾರಿ ಆವೃತ್ತಿಗೆ ಎಲ್‌ಇಡಿ ಪ್ರೊಜೆಕ್ಟರು, ಅಗ್ಗದ ಆವೃತ್ತಿಗೆ ಹ್ಯಾಲೊಜನ್ ಕೊಡುವ ಪದ್ಧತಿ ನಮ್ಮಲ್ಲಿ ಸಾಮಾನ್ಯ. ಹಾಡು ಕೇಳುವ ಸೌಲಭ್ಯಕ್ಕೆ ಬೆಲೆ ಕಟ್ಟಲಿ; ರಾತ್ರಿ ಕಾಣುವುದಕ್ಕೂ ಬೆಲೆ ಕಟ್ಟಿದರೆ ಜನ ಅಂಗಡಿಯ ದಾರಿ ಹಿಡಿಯುತ್ತಾರೆ. ಹೊಗೆಯ ಪರೀಕ್ಷೆಗೆ ಪ್ರತಿ ಕಾರೂ ಕಾಲಕಾಲಕ್ಕೆ ಹೋಗುತ್ತದೆ. ದೀಪದ ಪರೀಕ್ಷೆಗೆ ಖಾಸಗಿ ಕಾರು ಹೋಗುವ ಪ್ರಸಂಗವೇ ಇಲ್ಲ. ನೋಂದಣಿಯ ಮೊದಲ ಹದಿನೈದು ವರ್ಷ ಅದನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಹೊಗೆ ತಪಾಸಣೆಯ ಕೇಂದ್ರದಲ್ಲಿಯೇ ಗೋಡೆಯ ಮೇಲೊಂದು ಗೆರೆ ಎಳೆದು ದೀಪವನ್ನೂ ನೋಡುವಂತೆ ಮಾಡಬಾರದೇಕೆ? ಎರಡು ನಿಮಿಷದ ಕೆಲಸ ಅದು. ನಿಯಮ ಬರೆಯುವ ವ್ಯವಸ್ಥೆಯ ಒಳಗಿರುವವನಾಗಿ ಹೇಳುತ್ತೇನೆ: 106ನೆಯ ನಿಯಮ ಚೆನ್ನಾಗಿಯೇ ಇದೆ. 8 ಮೀಟರು ದೂರದಲ್ಲಿ ಹೋಗಿ ನಿಲ್ಲುವವರು ಯಾರೂ ಇಲ್ಲ, ಅಷ್ಟೆ.

ನಾನು ಚಿಕ್ಕವನಿದ್ದಾಗ ಲಾರಿ, ಬಸ್ಸು, ಕಾರುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು. ನಮಗೆ ಅದು ದೃಷ್ಟಿಬೊಟ್ಟಿನಂತೆ ಕಾಣುತ್ತಿತ್ತು. ಒರಟು ಉಪಾಯವೇ ಇರಬಹುದು. ಆದರೆ ಎದುರಿನಿಂದ ಇನ್ನೊಬ್ಬರು ಬರುತ್ತಾರೆ ಎಂಬ ಅರಿವು ಆ ಬಣ್ಣದಲ್ಲಿತ್ತು. ಇಂಗ್ಲಿಷಿನಲ್ಲಿ ಬೀಮ್ ಎಂಬ ಪದಕ್ಕೆ ಬೆಳಕಿನ ಕೋಲು ಎಂಬ ಅರ್ಥವೂ ಇದೆ, ಮರದ ತೊಲೆ ಎಂಬ ಅರ್ಥವೂ ಇದೆ. ಅನ್ಯರ ಕಣ್ಣಿನ ಧೂಳು ಹುಡುಕುವವನಿಗೆ ತನ್ನ ಕಣ್ಣಿನ ತೊಲೆ ಕಾಣದು ಎಂಬ ಬೈಬಲ್ಲಿನ ಮಾತನ್ನು ತರಗತಿಯಲ್ಲಿ ಎಷ್ಟೋ ಬಾರಿ ಕೇಳಿದ್ದೆ. ಅದೇ ಬೀಮ್ ಅನ್ನು ನಾನು ಹಣ ಕೊಟ್ಟು ಕೊಂಡು ಇನ್ನೊಬ್ಬರ ಕಣ್ಣಿಗೆ ಹಾಕುತ್ತೇನೆಂದು ಎಣಿಸಿರಲಿಲ್ಲ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ. ಹಳದಿ ಬೆಳಕು, ತಿರುಗಿಸಿಟ್ಟ ಪುಟ್ಟ ಚಕ್ರ, ಮೊದಲಿಗಿಂತ ಹತ್ತು ಹದಿನೈದು ಕಿಲೋಮೀಟರು ಕಡಿಮೆ ವೇಗ. ಊರು ಸೇರಲು ಅರ್ಧ ಗಂಟೆ ಹೆಚ್ಚು ಹಿಡಿಯಿತು. ಅವ್ವ ಎಚ್ಚರವಾಗಿಯೇ ಇದ್ದಳು. ನಿಪ್ಪಾಣಿಯ ಈಚೆ ಬಹಳ ಹೊತ್ತು ಒಂದು ಲಾರಿಯ ಹಿಂದೆ ಹೋದೆ. ಅದರ ಹಿಂಬದಿಯಲ್ಲಿ, ರಾತ್ರಿ ಡಿಪ್ಪರ್ ಬಳಸಿ ಎಂಬ ಅರ್ಥದ ಆ ಹಳೆಯ ಇಂಗ್ಲಿಷ್ ಸಾಲು ಬಣ್ಣದಲ್ಲಿತ್ತು. ಲಾರಿಯ ಕನ್ನಡಿಗೆ ನನ್ನ ಬೆಳಕು ತಾಗಬಾರದೆಂದು ತಗ್ಗಿಸಿಯೇ ಇದ್ದೆ. ಈ ಬಾರಿ ಅದು ನಿಜವಾಗಿಯೂ ತಗ್ಗಿತ್ತು. ಕಿತ್ತೂರಿನ ಬಳಿ ಊರಿನ ರಸ್ತೆಗೆ ಹೊರಳಿದ ಮೇಲೆ ಎದುರಿನಿಂದ ಮೂರು ಬೈಕು, ಒಂದು ಎತ್ತಿನಗಾಡಿ ಬಂದವು. ಯಾರೂ ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಅಜ್ಜ ಮೊಮ್ಮಗ ಬಿದ್ದ ಜಾಗವನ್ನು ಗುರುತಿಸಲು ನೋಡಿದೆ, ಆಗಲಿಲ್ಲ. ಹೊಲದಲ್ಲಿ ಜೋಳ ಎದೆಯೆತ್ತರ ಬೆಳೆದಿತ್ತು.